ಮದುಮಗಳ ಬಿಳಿ ಗೌನಿಗೆ ಹೊಂದುವ ಧೆಡಿಯರ ಉಡುಪು: ಬಟ್ಟೆ ಆರಿಸುವುದರಿಂದ ಚರ್ಚಿನ ಬಾಗಿಲವರೆಗೆ ಸಮಗ್ರ ಮಾರ್ಗದರ್ಶಿ

ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಕುಂಬಳೆ, ಬೇಳ, ಕಯ್ಯಾರು ಕಡೆಯ ಕ್ಯಾಥೊಲಿಕ್ ಮನೆಗಳಲ್ಲಿ ಮದುವೆ ಮುಗಿದು ಆಲ್ಬಂ ಕೈಗೆ ಬಂದಾಗ ಕೇಳಿಬರುವ ದೂರುಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಅಂಗಡಿಯಲ್ಲಿ ಅಚ್ಚ ಬಿಳುಪಾಗಿ ಕಂಡ ಮದುಮಗಳ ಗೌನು ಫೋಟೋದಲ್ಲಿ ಹಳದಿಗೆ ತಿರುಗಿದಂತಿರುತ್ತದೆ. ಅವಳ ಪಕ್ಕದಲ್ಲಿ ನಿಂತ ಮೂವರು ಧೆಡಿಯರಲ್ಲಿ, ಎಂದರೆ ಮದುಮಗಳ ಸಖಿಯರಲ್ಲಿ, ಒಬ್ಬಳ ಉಡುಪಿನ ಛಾಯೆ ಮಾತ್ರ ಬೇರೆಯಾಗಿರುತ್ತದೆ. ಇನ್ನೊಬ್ಬಳ ಗೌನಿನ ಅಂಚು ನೆಲದಿಂದ ಮೂರು ಇಂಚು ಮೇಲೆ ನಿಂತಿರುತ್ತದೆ. ಇದಕ್ಕೆ ಹೊಲಿದವರನ್ನು ದೂರುವುದು ವಾಡಿಕೆ. ಆದರೆ ಇಂತಹ ಬಹುತೇಕ ಪ್ರಕರಣಗಳಲ್ಲಿ ಮಾಡಬೇಕಾದ ಕೆಲಸಗಳೆಲ್ಲ ನಡೆದಿರುತ್ತವೆ, ಅವುಗಳ ಕ್ರಮ ಮಾತ್ರ ತಲೆಕೆಳಗಾಗಿರುತ್ತದೆ. ಮೊದಲು ಬಣ್ಣ ನಿಶ್ಚಯವಾಗಿ, ಆಮೇಲೆ ಬಟ್ಟೆ ಬಂದು, ಕೊನೆಗೆ ಮದುಮಗಳ ಗೌನು ಮನೆಗೆ ಬಂದರೆ, ಆ ಹೊತ್ತಿಗೆ ಸರಿಪಡಿಸಲು ಏನೂ ಉಳಿದಿರುವುದಿಲ್ಲ.

ಕೆಳಗಿನ ಹಂತಗಳನ್ನು ಬರೆದ ಅನುಕ್ರಮದಲ್ಲಿಯೇ ಪಾಲಿಸಬೇಕು. ಮದುಮಗಳ ಗೌನು ಬಾಡಿಗೆಯದಾಗಿರಲಿ, ಹೊಲಿಸಿದ್ದಾಗಿರಲಿ, ವಿದೇಶದಿಂದ ತರಿಸಿದ್ದಾಗಿರಲಿ, ಕ್ರಮ ಬದಲಾಗುವುದಿಲ್ಲ.

## ಕೈಯಲ್ಲಿ ಇರಬೇಕಾದ ಸಾಮಗ್ರಿ

ಒಂದು ಇಂಚು ಟೇಪು, ಒಂದು ಬಿಳಿ ಎ4 ಹಾಳೆ, ಒಂದು ಬಿಳಿ ಹತ್ತಿ ಕರವಸ್ತ್ರ, ಅಳತೆ ಬರೆಯಲು ಒಂದು ಪುಸ್ತಕ, ಮತ್ತು ಎಲ್ಲಕ್ಕಿಂತ ಮುಖ್ಯವಾಗಿ ಮದುಮಗಳ ಗೌನಿನ ಬಟ್ಟೆಯ ಅಂಗೈ ಅಗಲದ ಒಂದು ತುಂಡು. ಹೊಲಿಸುವುದಾದರೆ ಕತ್ತರಿಸಿ ಉಳಿದ ಬಟ್ಟೆಯಲ್ಲಿ ಈ ತುಂಡನ್ನು ಕೇಳಿ ಪಡೆಯಬಹುದು. ಸಿದ್ಧ ಗೌನಾದರೆ ಒಳಗಿನ ಹೊಲಿಗೆಯ ಬಳಿ ಬಿಟ್ಟ ಹೆಚ್ಚುವರಿ ಬಟ್ಟೆಯಿಂದ ಸಣ್ಣದೊಂದು ಪಟ್ಟಿಯನ್ನು ದರ್ಜಿಯಿಂದಲೇ ತೆಗೆಸಬೇಕು. ಬಾಡಿಗೆ ಗೌನಿನಲ್ಲಿ ಇದು ಸಾಧ್ಯವಿಲ್ಲದ್ದರಿಂದ, ಅದೇ ಅಂಗಡಿಯಲ್ಲಿ ಗೌನಿನ ಪಕ್ಕದಲ್ಲಿಟ್ಟು ನೋಡಿ ಅದಕ್ಕೆ ಸರಿಹೊಂದುವ ಬಿಳಿ ರಿಬ್ಬನ್ನೊಂದನ್ನು ಖರೀದಿಸಿ ಇಟ್ಟುಕೊಳ್ಳುವುದು ಉತ್ತಮ. ಮೊಬೈಲಿನಲ್ಲಿ ತೆಗೆದ ಚಿತ್ರ ಇದಕ್ಕೆ ಬದಲಿಯಾಗಲಾರದು. ಒಂದೇ ಗೌನು ಎರಡು ಫೋನುಗಳಲ್ಲಿ ಎರಡು ಬಿಳಿಯಾಗಿ ಕಾಣುತ್ತದೆ.

## ಹಂತ 1: ದಿನಗಳ ಲೆಕ್ಕ ಹಾಕಿಕೊಳ್ಳುವುದು

ಉಪವಾಸ ಕಾಲವಾದ ಕರೆಜ್ಮಾದ ನಲವತ್ತು ದಿನಗಳಲ್ಲಿ ಸಾಮಾನ್ಯವಾಗಿ ಮದುವೆಗಳು ನಡೆಯದ ಕಾರಣ, ಅದರ ಹಿಂದಿನ ಮತ್ತು ಪಾಸ್ಖಾ (ಈಸ್ಟರ್) ಹಬ್ಬದ ನಂತರದ ವಾರಗಳಲ್ಲಿ ಮದುವೆಗಳು ಒತ್ತಾಗಿ ಬರುತ್ತವೆ. ಜನವರಿಯ ಮದುವೆಯ ಹೊಲಿಗೆಯಂತೂ ಕ್ರಿಸ್‌ಮಸ್ ಹೊಲಿಗೆಯ ರಾಶಿಯ ನಡುವೆಯೇ ಸಿಕ್ಕಿಕೊಳ್ಳುತ್ತದೆ. ಆದುದರಿಂದ ಮದುಮಗಳ ಗೌನು ಮದುವೆಗೆ 3 ತಿಂಗಳು ಇರುವಾಗ ನಿಶ್ಚಯವಾಗಬೇಕು, ಧೆಡಿಯರ ಬಟ್ಟೆ 2 ತಿಂಗಳು ಇರುವಾಗ ಕೈಗೆ ಬರಬೇಕು, ಮೊದಲ ಟ್ರಯಲ್ 3 ವಾರ ಮೊದಲು ಆಗಬೇಕು, ಅಂಚು ಮಡಚುವ ಕೆಲಸವನ್ನು ಕೊನೆಯ ವಾರಕ್ಕೆ ಉಳಿಸಬೇಕು.

ಧೆಡಿಯರು ಎಷ್ಟು ಮಂದಿ, ಹೂ ಹಿಡಿಯುವ ಚಿಕ್ಕ ಹುಡುಗಿಯರು ಎಷ್ಟು ಮಂದಿ ಎಂಬುದು ಬಟ್ಟೆ ಕೊಳ್ಳುವ ಮೊದಲೇ ಖಚಿತವಾಗಬೇಕು. ಬಟ್ಟೆ ಬಂದ ಮೇಲೆ ಅತ್ತೆಯ ಮಗಳೊಬ್ಬಳು ಸೇರಿಕೊಂಡರೆ ಅದೇ ಥಾನು (ಬಟ್ಟೆಯ ಸುರುಳಿ) ಮತ್ತೆ ಸಿಗುವುದು ಅದೃಷ್ಟದ ಮಾತು.

## ಹಂತ 2: ಗೌನಿನ ಬಿಳಿ ಯಾವ ಬಿಳಿ ಎಂದು ಗುರುತಿಸುವುದು

ಈ ಹಂತವನ್ನೇ ಹೆಚ್ಚಿನವರು ಬಿಡುತ್ತಾರೆ, ಮತ್ತು ಮುಂದಿನ ಎಲ್ಲ ತೊಂದರೆಗಳ ಬೇರು ಇಲ್ಲಿಯೇ ಇದೆ. ಗೌನಿನ ಬಟ್ಟೆಯ ತುಂಡನ್ನು ಬೆಳಿಗ್ಗೆ ಹತ್ತರ ಸುಮಾರಿಗೆ ಮನೆಯ ಜಗಲಿಗೆ ತಂದು, ನೇರ ಬಿಸಿಲು ಬೀಳದ ಜಾಗದಲ್ಲಿ ಎ4 ಹಾಳೆಯ ಮೇಲೆ ಇಡಬೇಕು. ಹಾಳೆಯ ಪಕ್ಕದಲ್ಲಿ ಬಟ್ಟೆ ತುಸು ನೀಲಿಯಾಗಿ ಅಥವಾ ಹಾಳೆಯಷ್ಟೇ ಬಿಳಿಯಾಗಿ ಕಂಡರೆ ಅದು ಅಚ್ಚ ಬಿಳಿ. ಹಾಲಿನ ಕೆನೆಯ ಹಳದಿ ಕಂಡರೆ ಅದು ಐವರಿ ಅಥವಾ ಕ್ರೀಮ್. ತೀರ ಮಸುಕಾದ ಗುಲಾಬಿ ಕಂಡರೆ ಒಳಗಿನ ಲೈನಿಂಗಿನ ಬಣ್ಣ ಹೊರಗೆ ಇಣುಕುತ್ತಿದೆ ಎಂದರ್ಥ. ಮೇಲೆ ನೆಟ್, ಒಳಗೆ ಮೈಬಣ್ಣದ ಲೈನಿಂಗ್ ಇರುವ ಗೌನುಗಳಲ್ಲಿ ಇದು ಸಾಮಾನ್ಯ.

ಇದೇ ಪರೀಕ್ಷೆಯನ್ನು ರಾತ್ರಿ ಟ್ಯೂಬ್‌ಲೈಟಿನ ಕೆಳಗೆ ಒಮ್ಮೆ, ಹಳದಿ ಎಲ್‌ಇಡಿ ದೀಪದ ಕೆಳಗೆ ಒಮ್ಮೆ ಮಾಡಬೇಕು. ಚರ್ಚಿನ ಒಳಗೆ ಕಿಟಕಿಯ ಬೆಳಕು, ಸಭಾಂಗಣದ ವೇದಿಕೆಯಲ್ಲಿ ಹಳದಿ ಫೋಕಸ್ ದೀಪ, ಹೊರಗೆ ಅಂಗಳದಲ್ಲಿ ಬಿಸಿಲು: ಒಂದೇ ಗೌನು ಒಂದೇ ದಿನ ಈ ಮೂರನ್ನೂ ಹಾದುಹೋಗುತ್ತದೆ. ಮೂರರಲ್ಲಿ ಯಾವ ಬೆಳಕಿನಲ್ಲಿ ಅತಿ ಹೆಚ್ಚು ಬದಲಾಗುತ್ತದೆ ಎಂಬುದನ್ನು ಪುಸ್ತಕದಲ್ಲಿ ಬರೆದಿಟ್ಟುಕೊಂಡರೆ ಬಣ್ಣದ ಆಯ್ಕೆ ಅರ್ಧ ಮುಗಿದಂತೆ.

ನಮ್ಮ ಭಾಗದಲ್ಲಿ ವಿಶೇಷವಾಗಿ ಆಗುವ ಒಂದು ತಪ್ಪನ್ನು ಇಲ್ಲಿಯೇ ಹೇಳಬೇಕು. ಧೆಡಿಯರಿಗೆ ಗೌನಿನ ಬದಲು ಕೇರಳದ ಕಸವು ಸೀರೆ ಉಡಿಸುವ ಆಲೋಚನೆ ಆಗಾಗ ಬರುತ್ತದೆ, ಹತ್ತಿರದಲ್ಲೇ ಸಿಗುತ್ತದೆ, ನೋಡಲೂ ಚೆಂದ. ಆದರೆ ಕಸವು ಸೀರೆಯ ಮೈ ಕೋರಾ ಬಣ್ಣದ್ದು, ಎಂದರೆ ಬಿಳುಪು ಮಾಡದ ನೂಲಿನ ಕೆನೆ ಬಣ್ಣ. ಅಚ್ಚ ಬಿಳಿಯ ಗೌನಿನ ಪಕ್ಕದಲ್ಲಿ ಅದು ಮಾಸಿದ ಬಟ್ಟೆಯಂತೆ ಕಾಣುತ್ತದೆ, ಐವರಿ ಗೌನಿನ ಪಕ್ಕದಲ್ಲಿ ಮದುಮಗಳು ಯಾರು, ಧೆಡಿ ಯಾರು ಎಂಬ ವ್ಯತ್ಯಾಸವನ್ನೇ ಅಳಿಸುತ್ತದೆ. ಕೈಮಗ್ಗದ ಸೀರೆಯೇ ಬೇಕೆಂದಿದ್ದರೆ ಹತ್ತಿಯ ಕಾಸರಗೋಡು ಸೀರೆಯನ್ನು ಬಣ್ಣದ ಮೈಯಲ್ಲಿ ಆರಿಸಿ, ಮದುವೆಯ ಮುನ್ನಾದಿನ ಎಣ್ಣೆ, ತೆಂಗಿನ ಹಾಲು ಹಚ್ಚುವ ರೋಸ್ ಸಂಜೆಗೆ ಇಟ್ಟುಕೊಳ್ಳುವುದು ಜಾಣತನ.

## ಹಂತ 3: ಬಣ್ಣ ಆರಿಸುವುದು

ಅಚ್ಚ ಬಿಳಿಯ ಗೌನಿಗೆ ತಂಪು ಬಣ್ಣಗಳು ಹೊಂದುತ್ತವೆ: ಆಕಾಶ ನೀಲಿ, ಲ್ಯಾವೆಂಡರ್, ನೇವಿ ಬ್ಲೂ, ಬಾಟಲ್ ಗ್ರೀನ್. ಐವರಿ ಮತ್ತು ಕ್ರೀಮ್ ಗೌನಿಗೆ ಪೀಚ್, ಈರುಳ್ಳಿ ಸಿಪ್ಪೆಯ ಗುಲಾಬಿ, ಒಣಗಿದ ಎಲೆಯ ಹಸಿರು, ವೈನ್ ಇವು ಚೆನ್ನಾಗಿ ಕೂಡುತ್ತವೆ. ಐವರಿ ಗೌನಿನ ಪಕ್ಕದಲ್ಲಿ ಹಿಮದಂತಹ ತಿಳಿ ನೀಲಿ ನಿಂತರೆ ಗೌನಿನ ಹಳದಿ ಇನ್ನಷ್ಟು ಎದ್ದು ಕಾಣುತ್ತದೆ. ಆಲ್ಬಂನಲ್ಲಿ ಗೌನು ಹಳದಿಯಾಗುವ ದೂರಿಗೆ ಅನೇಕ ಬಾರಿ ಇದೇ ಕಾರಣ.

ಕಡು ಕಿತ್ತಳೆ, ರಾಣಿ ಗುಲಾಬಿ, ಗಿಣಿ ಹಸಿರು ಇವುಗಳನ್ನು ಹೊಳೆಯುವ ಬಟ್ಟೆಯಲ್ಲಿ ಆರಿಸಬಾರದು. ಬಿಸಿಲಿನಲ್ಲಿ ಧೆಡಿ ಮದುಮಗಳಿಗೆ ಒತ್ತಿ ನಿಂತಾಗ ಆ ಬಣ್ಣದ ಬೆಳಕು ಬಿಳಿ ಗೌನಿನ ಮೇಲೂ ಮದುಮಗಳ ಗಲ್ಲದ ಕೆಳಗೂ ಬೀಳುತ್ತದೆ. ಫೋಟೋ ತೆಗೆಯುವವರಿಗೆ ಇದನ್ನು ಆಮೇಲೆ ಸರಿಪಡಿಸುವುದು ಬಲು ಕಷ್ಟ.

ಕೆಂಪನ್ನು ಧೆಡಿಯರಿಗೆ ಕೊಡದಿರುವುದು ಒಳ್ಳೆಯದೆಂಬುದು ನನ್ನ ಖಚಿತ ಅಭಿಪ್ರಾಯ. ಅದೇ ದಿನ ಸಭಾಂಗಣದಲ್ಲಿ ಮದುಮಗಳು ಗೌನು ಬದಲಿಸಿ ಕೆಂಪು ಸಾಡೊ (ಮದುವೆಯ ಸೀರೆ) ಉಟ್ಟು ಬರುವಾಗ ಆ ಕೆಂಪು ಅವಳೊಬ್ಬಳದ್ದೇ ಆಗಿರಬೇಕು. ಬೆಳಿಗ್ಗೆಯಿಂದ ಮೂವರು ಅದೇ ಬಣ್ಣದಲ್ಲಿ ಓಡಾಡಿದ್ದರೆ ಸಾಡೊದ ತೂಕ ಕುಂದುತ್ತದೆ. ಮೆರೂನ್ ಸಹ ಹಳದಿ ದೀಪದಲ್ಲಿ ಕೆಂಪಿಗೆ ಹತ್ತಿರವಾಗುವುದರಿಂದ ವೈನ್ ಬಣ್ಣವನ್ನು ಆರಿಸುವವರು ಅದರಲ್ಲಿ ನೇರಳೆ ಎಷ್ಟಿದೆ ಎಂದು ನೋಡಿಯೇ ಆರಿಸಬೇಕು.

ಧೆಡಿಯರ ಮೈಬಣ್ಣ ಒಂದೇ ಆಗಿರುವುದಿಲ್ಲ. ಬಟ್ಟೆಯನ್ನು ಒಬ್ಬಳ ಕೆನ್ನೆಯ ಪಕ್ಕದಲ್ಲಿ ಹಿಡಿದು ತೀರ್ಮಾನಿಸದೆ ಎಲ್ಲರ ಮುಖದ ಪಕ್ಕದಲ್ಲೂ ಹಿಡಿದು ನೋಡಬೇಕು. ಒಬ್ಬಳ ಮುಖ ಬಾಡಿದಂತೆ ಕಂಡರೆ ಆ ಬಣ್ಣವನ್ನು ಬಿಡುವುದೇ ಸರಿ.

## ಹಂತ 4: ಬಟ್ಟೆ ಕೊಳ್ಳುವುದು

ನಿಯಮ ಸರಳವಾಗಿದೆ: ಮದುಮಗಳ ಗೌನು ಹೊಳೆಯುವುದಾದರೆ ಧೆಡಿಯರದು ಹೊಳೆಯಬಾರದು. ಗೌನು ಸ್ಯಾಟಿನ್ ಆಗಿದ್ದರೆ ಧೆಡಿಯರಿಗೆ ಜಾರ್ಜೆಟ್, ಶಿಫಾನ್ ಅಥವಾ ಕ್ರೇಪ್ ಸೂಕ್ತ. ಗೌನು ಲೇಸಿನ ಕೆಲಸದಿಂದ ತುಂಬಿದ್ದರೆ ಧೆಡಿಯರದು ಸಾದಾ ಇರಲಿ. ಗೌನೇ ತೀರ ಸಾದಾ ಕ್ರೇಪ್ ಆಗಿದ್ದರೆ ಮಾತ್ರ ಧೆಡಿಯರ ಉಡುಪಿನ ತೋಳಿಗೋ ಸೊಂಟಕ್ಕೋ ಸ್ವಲ್ಪ ಲೇಸು ಸೇರಿಸಬಹುದು. ಅಗ್ಗದ ಸ್ಯಾಟಿನ್ ಫ್ಲ್ಯಾಶ್ ಬಿದ್ದೊಡನೆ ಮದುಮಗಳಿಗಿಂತ ಹೆಚ್ಚು ಮಿನುಗುತ್ತದೆ, ಜೊತೆಗೆ ಕರಾವಳಿಯ ಸೆಕೆಯಲ್ಲಿ ಕಂಕುಳ ಬಳಿ ಬೆವರಿನ ಗುರುತನ್ನು ಎತ್ತಿ ತೋರಿಸುತ್ತದೆ. ಏಪ್ರಿಲ್, ಮೇ ತಿಂಗಳ ಮದುವೆಗೆ ತಿಳಿ ಬಣ್ಣದ ಸ್ಯಾಟಿನ್ ಬೇಡವೇ ಬೇಡ.

ಪ್ರಮಾಣದ ವಿಷಯ. 44 ಇಂಚು ಪನ್ನದ (ಅಗಲದ) ಬಟ್ಟೆಯಲ್ಲಿ ಸಾಧಾರಣ ಎತ್ತರದ ಒಬ್ಬಳಿಗೆ ನೆಲ ಮುಟ್ಟುವ ಎ-ಲೈನ್ ಗೌನಿಗೆ ಸುಮಾರು 4ರಿಂದ 5 ಮೀಟರ್ ಬೇಕು, ಪೂರ್ತಿ ಅಂಬ್ರೆಲ್ಲಾ ಘೇರಿಗೆ 6 ಮೀಟರ್ ಅಥವಾ ಮೇಲೆ. ಲೈನಿಂಗ್ ಪ್ರತ್ಯೇಕ. ಎಲ್ಲರ ಅಳತೆ ಕೂಡಿಸಿ, ಮೇಲೆ 1 ಮೀಟರ್ ಸೇರಿಸಿ, ಒಂದೇ ಅಂಗಡಿಯಲ್ಲಿ ಒಂದೇ ಥಾನಿನಿಂದ ಒಂದೇ ಸಲ ಕತ್ತರಿಸಿಸಬೇಕು. ಬೇರೆ ಥಾನೆಂದರೆ ಬೇರೆ ಸಲ ಅದ್ದಿದ ಬಣ್ಣವಾಗಿರಬಹುದು. ಕಾಸರಗೋಡಿನಲ್ಲಿ ಥಾನು ಸಾಲದೆ ಬಂದರೆ ಉಳಿದದ್ದನ್ನು ಮಂಗಳೂರಿನಲ್ಲಿ ಹುಡುಕೋಣ ಎಂದುಕೊಳ್ಳಬಾರದು. ಸಾಕಷ್ಟು ಉದ್ದ ಇರುವ ಬೇರೆ ಥಾನನ್ನೇ ಆರಿಸಬೇಕು. "ಅದೇ ಬಣ್ಣ ಅಕ್ಕ, ಸ್ವಲ್ಪ ಲೈಟ್ ಅಷ್ಟೆ" ಎಂದು ಅಂಗಡಿಯವರು ಎರಡನೆಯ ಥಾನನ್ನು ಬಿಚ್ಚತೊಡಗಿದರೆ ಅದೇ ಎಚ್ಚರಿಕೆಯ ಗಂಟೆ. ಎರಡೂ ಥಾನಿನ ತುದಿಗಳನ್ನು ಅಂಗಡಿಯ ಮೆಟ್ಟಿಲಿಗೆ ತಂದು ಹಗಲ ಬೆಳಕಿನಲ್ಲಿ ಜೋಡಿಸಿ ನೋಡಲು ಸಂಕೋಚಪಡಬೇಕಾಗಿಲ್ಲ.

ಲೈನಿಂಗ್ ಸಹ ಒಂದೇ ಬಣ್ಣದ್ದು, ಒಂದೇ ಥಾನಿನದು ಆಗಿರಬೇಕು. ಜಾರ್ಜೆಟ್ ಒಂದೇ ಆಗಿದ್ದು ಒಳಗಿನ ಲೈನಿಂಗ್ ಒಬ್ಬಳಿಗೆ ಕಡು, ಇನ್ನೊಬ್ಬಳಿಗೆ ತಿಳಿಯಾಗಿದ್ದರೆ ಹೊರಗಿನ ಬಣ್ಣವೂ ಎರಡಾಗಿ ಕಾಣುತ್ತದೆ. ಧೆಡಿಯರು ಬೇರೆ ಬೇರೆ ದರ್ಜಿಗಳಲ್ಲಿ ಹೊಲಿಸಿ, ಲೈನಿಂಗನ್ನು ದರ್ಜಿಗಳೇ ಹಾಕಿದಾಗ ಹೀಗಾಗುತ್ತದೆ. ಹತ್ತಿಯ ಲೈನಿಂಗ್ ಆದರೆ ಹೊಲಿಯುವ ಮೊದಲು ನೀರಿನಲ್ಲಿ ನೆನೆಸಿ ಒಣಗಿಸಬೇಕು, ಇಲ್ಲವಾದರೆ ಮೊದಲ ಒಗೆತದಲ್ಲಿ ಅದು ಮಾತ್ರ ಕುಗ್ಗಿ ಹೊರಬಟ್ಟೆ ಜೋತುಬೀಳುತ್ತದೆ.

ಕತ್ತರಿ ಹಾಕುವ ಮೊದಲು ಇನ್ನೊಂದು ಪರೀಕ್ಷೆ ಉಳಿದಿದೆ. ಬಿಳಿ ಕರವಸ್ತ್ರವನ್ನು ನೀರಿನಲ್ಲಿ ಅದ್ದಿ ಹಿಂಡಿ, ಬಟ್ಟೆಯ ಒಂದು ಮೂಲೆಯ ಮೇಲೆ ಒಂದು ನಿಮಿಷ ಗಟ್ಟಿಯಾಗಿ ಉಜ್ಜಬೇಕು. ಉಪ್ಪು ಬೆರೆಸಿದ ನೀರಿನಲ್ಲಿಯೂ ಒಮ್ಮೆ ಮಾಡಬೇಕು, ಏಕೆಂದರೆ ಆ ದಿನ ತಾಗುವುದು ಬೆವರು. ಕರವಸ್ತ್ರಕ್ಕೆ ಬಣ್ಣ ಹತ್ತಿದರೆ ಆ ಬಟ್ಟೆ ಚರ್ಚಿನ ಬಾಗಿಲಲ್ಲಿ ಧೆಡಿ ಮದುಮಗಳನ್ನು ಅಪ್ಪಿಕೊಂಡಾಗ ಬಿಳಿ ಗೌನಿನ ಎದೆಯ ಮೇಲೂ ಹತ್ತುತ್ತದೆ. ಬಾಟಲ್ ಗ್ರೀನ್, ನೇವಿ, ವೈನ್ ಬಣ್ಣಗಳಲ್ಲಿ ಈ ಪರೀಕ್ಷೆಯನ್ನು ಎಂದೂ ಬಿಡಬಾರದು.

## ಹಂತ 5: ಮಾದರಿ ನಿಶ್ಚಯಿಸುವುದು

ಎಲ್ಲ ಧೆಡಿಯರ ಉಡುಪೂ ಒಂದೇ ಮಾದರಿಯದಾಗಿರಬೇಕೆಂಬ ಹಟ ಬೇಡ. ಒಬ್ಬಳು ಕಾಲೇಜು ಹುಡುಗಿ, ಇನ್ನೊಬ್ಬಳು ಎಳೆಗೂಸಿನ ತಾಯಿ, ಮತ್ತೊಬ್ಬಳು ದಪ್ಪ ಮೈಯವಳಾಗಿರುವಾಗ ಒಂದೇ ಕತ್ತರಿಸುವಿಕೆ ಮೂವರಿಗೂ ಒಪ್ಪುವುದಿಲ್ಲ. ಬಣ್ಣ, ಬಟ್ಟೆ, ಉದ್ದ ಈ ಮೂರು ಒಂದೇ ಆಗಿದ್ದು ಕುತ್ತಿಗೆ ಮತ್ತು ತೋಳು ಬದಲಾದರೆ ಗುಂಪು ಒಡೆದಂತೆ ಕಾಣುವುದಿಲ್ಲ. ಹಾಲುಣಿಸುವ ತಾಯಿಗೆ ಹಿಂಬದಿ ಜಿಪ್ ಇಟ್ಟು ಕೊಟ್ಟರೆ ಅವಳು ಅರ್ಧ ದಿನವೂ ತಾಳಲಾರಳು. ಮುಂಭಾಗದ ಮಡಿಕೆಯೊಳಗೆ ಅಡಗಿಸಿದ ಜಿಪ್ ಬೇಕೆಂದು ಮೊದಲೇ ಹೇಳಬೇಕು.

ಮದುಮಗಳ ಗೌನಿನ ಒಂದು ಅಂಶವನ್ನು ಮಾತ್ರ ಧೆಡಿಯರ ಉಡುಪಿಗೆ ತರಬೇಕು. ಗೌನಿಗೆ ದೋಣಿ ಕುತ್ತಿಗೆ ಇದ್ದರೆ ಅದನ್ನೋ, ಲೇಸಿನ ತೋಳಿದ್ದರೆ ಅದರ ಸಣ್ಣ ಪಟ್ಟಿಯನ್ನೋ. ಎರಡನೆಯದನ್ನು ಸೇರಿಸಿದೊಡನೆ ಅದು ನಕಲಾಗುತ್ತದೆ. ಟ್ರೇಲ್ (ಗೌನಿನ ಹಿಂದೆ ನೆಲದ ಮೇಲೆ ಎಳೆಯುವ ಭಾಗ) ಮತ್ತು ಕ್ಯಾನ್‌ಕ್ಯಾನ್ (ಗೌನನ್ನು ಉಬ್ಬಿಸುವ ಗಟ್ಟಿ ನೆಟ್ಟಿನ ಒಳಪದರ) ಮದುಮಗಳಿಗೆ ಮೀಸಲು. ಧೆಡಿಯ ಉಡುಪೂ ಅಷ್ಟೇ ಉಬ್ಬಿದರೆ ಪೀಠದ ಮುಂದೆ ಇಬ್ಬರೂ ಪಕ್ಕಪಕ್ಕ ನಿಲ್ಲಲು ಜಾಗವೇ ಇರುವುದಿಲ್ಲ.

ತೋಳಿಲ್ಲದ ಉಡುಪು, ಬೆನ್ನು ತೆರೆದ ಉಡುಪು ಇವುಗಳ ಬಗ್ಗೆ ಆಯಾ ಚರ್ಚಿನ ಗುರುಗಳನ್ನು ಮಾದರಿ ನಿಶ್ಚಯಿಸುವ ಮೊದಲೇ ಕೇಳಿಕೊಳ್ಳಬೇಕು. ಕೊನೆಯ ದಿನ ಭುಜ ಮುಚ್ಚಲು ಅವಸರದಲ್ಲಿ ಹುಡುಕಿದ ಶಾಲು ಯಾವ ಬಣ್ಣಕ್ಕೂ ಹೊಂದುವುದಿಲ್ಲ.

ಮಣಿ, ಜರ್ದೋಸಿ, ಕಲ್ಲಿನ ಕೆಲಸವನ್ನು ಧೆಡಿಯ ಮುಂಗೈ ಮತ್ತು ಸೊಂಟದ ಪಕ್ಕದಲ್ಲಿ ಇಡಬಾರದು. ಅವಳು ದಿನವಿಡೀ ಮದುಮಗಳ ವೇಲನ್ನೂ ಟ್ರೇಲನ್ನೂ ಎತ್ತುತ್ತ ಬಗ್ಗುತ್ತ ಇರುತ್ತಾಳೆ. ಒಂದು ಕಲ್ಲಿನ ಮೊನೆ ನೆಟ್ಟಿಗೆ ಸಿಕ್ಕಿಕೊಂಡರೆ ಗೇಣುದ್ದ ಹರಿಯುತ್ತದೆ. ಚಿಕ್ಕ ಹೂ ಹುಡುಗಿಯರಿಗೆ ಬಿಳಿ ಫ್ರಾಕ್ ಹೊಲಿಸುವುದಾದರೆ ಹಂತ 2ರಲ್ಲಿ ಗುರುತಿಸಿದ ಬಿಳಿಯೇ ಆಗಿರಬೇಕು. ಅದು ಸಿಗದಿದ್ದರೆ ಫ್ರಾಕಿನ ಸೊಂಟಕ್ಕೆ ಧೆಡಿಯರ ಬಟ್ಟೆಯ ಅಗಲ ಪಟ್ಟಿ ಕಟ್ಟಿದರೆ ಬಿಳಿಯ ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ.

## ಹಂತ 6: ಅಳತೆ, ಅದರಲ್ಲೂ ಊರಲ್ಲಿಲ್ಲದವರ ಅಳತೆ

ದುಬೈಯಲ್ಲೋ ಕುವೈತಿನಲ್ಲೋ ಇರುವ ತಂಗಿ ಮದುವೆಗೆ ವಾರ ಇರುವಾಗ ಬಂದಿಳಿಯುವುದು ಈ ಭಾಗದಲ್ಲಿ ಸಾಮಾನ್ಯ ಸಂಗತಿ. ಅವಳ ಹಳೆಯ ಚೂಡಿದಾರವನ್ನು ದರ್ಜಿಗೆ ಕೊಟ್ಟು "ಇದರ ಅಳತೆಗೆ ಹೊಲಿಯಿರಿ" ಎನ್ನುವುದು ತೀರ ಅಪಾಯಕರ. ಚೂಡಿದಾರ ಸಡಿಲ ಉಡುಪು, ಗೌನಿನ ಮೇಲ್ಭಾಗ ಮೈಗೆ ಅಂಟುವ ಉಡುಪು. ಒಂದರ ಅಳತೆ ಇನ್ನೊಂದಕ್ಕೆ ನಡೆಯುವುದಿಲ್ಲ.

ವಿಡಿಯೋ ಕರೆಯಲ್ಲಿ, ಆ ದಿನ ತೊಡುವ ಒಳಉಡುಪನ್ನೇ ತೊಟ್ಟು, ಇನ್ನೊಬ್ಬರ ಕೈಯಿಂದ ಅಳತೆ ತೆಗೆಸಬೇಕು. ಎದೆ, ಎದೆಯ ಕೆಳಗಿನ ಸುತ್ತಳತೆ, ಸೊಂಟ, ಪೃಷ್ಠದ ಅತಿ ಅಗಲವಾದ ಭಾಗ, ಎರಡು ಭುಜಗಳ ನಡುವಿನ ಅಗಲ, ಕಂಕುಳ ಸುತ್ತು, ತೋಳಿನ ಉದ್ದ, ಭುಜದಿಂದ ಸೊಂಟ, ಸೊಂಟದಿಂದ ನೆಲ. ಸೊಂಟ ಎಲ್ಲಿದೆ ಎಂಬ ಗೊಂದಲ ಬಾರದಿರಲು ಒಂದು ದಾರವನ್ನು ಸುತ್ತಿ ಕಟ್ಟಿ ಪಕ್ಕಕ್ಕೆ ಬಾಗಲು ಹೇಳಬೇಕು, ದಾರ ಜಾರಿ ನಿಂತ ಜಾಗವೇ ಸೊಂಟ. ಕೊನೆಯ ಅಳತೆಯನ್ನು ಬರಿಗಾಲಿನಲ್ಲಿ ಒಮ್ಮೆ, ಆ ದಿನದ ಚಪ್ಪಲಿಯಲ್ಲಿ ಒಮ್ಮೆ ತೆಗೆಯಬೇಕು. ಎರಡರ ವ್ಯತ್ಯಾಸ ಚಪ್ಪಲಿಯ ಹಿಮ್ಮಡಿಯ ಎತ್ತರಕ್ಕೆ ಹತ್ತಿರವಿಲ್ಲದಿದ್ದರೆ ಟೇಪು ಎಲ್ಲೋ ಜಾರಿದೆ, ಮತ್ತೆ ಅಳೆಯಬೇಕು.

ಊರಲ್ಲಿಲ್ಲದವಳ ಗೌನಿನ ಪಕ್ಕದ ಹೊಲಿಗೆಗಳಲ್ಲಿ ಒಂದೂವರೆ ಇಂಚು ಮಾರ್ಜಿನ್ ಬಿಡುವಂತೆಯೂ ಅಂಚನ್ನು ಮಡಚದೆ ಇಡುವಂತೆಯೂ ದರ್ಜಿಗೆ ಬರೆದೇ ಕೊಡಬೇಕು.

## ಹಂತ 7: ಟ್ರಯಲ್ ಮತ್ತು ಅಂಚು

ಟ್ರಯಲಿಗೆ ಧೆಡಿಯರು ಒಬ್ಬೊಬ್ಬರಾಗಿ ಹೋಗದೆ ಒಟ್ಟಿಗೆ ಹೋಗಬೇಕು. ಕನ್ನಡಿಯ ಮುಂದೆ ನಿಂತು ನೋಡಿದರೆ ಸಾಲದು. ಕೈ ಎತ್ತಬೇಕು, ಕುರ್ಚಿಯಲ್ಲಿ ಕೂರಬೇಕು, ಮೊಣಕಾಲೂರಿ ಏಳಬೇಕು, ಬಗ್ಗಿ ನೆಲದ ಮೇಲಿನ ಬಟ್ಟೆ ಎತ್ತಬೇಕು. ಪೂಜೆಯ ಹೊತ್ತಿನಲ್ಲಿ ಇವೆಲ್ಲವೂ ಇವೆ. ಕೈ ಎತ್ತಿದಾಗ ಸೊಂಟದ ಹೊಲಿಗೆ ಮೇಲಕ್ಕೆ ಏರಿದರೆ ಕಂಕುಳ ಕಡಿತ ತಪ್ಪಿದೆ. ಕೂತಾಗ ಜಿಪ್ಪಿನ ಪಕ್ಕದಲ್ಲಿ ಅಡ್ಡ ಸುಕ್ಕು ಬಿದ್ದರೆ ಸೊಂಟ ಬಿಗಿಯಾಗಿದೆ, ಆ ಜಿಪ್ ಚರ್ಚಿನಲ್ಲಿಯೇ ಬಿಚ್ಚಿಕೊಳ್ಳುತ್ತದೆ. ಜಿಪ್ಪಿನ ಮೇಲ್ತುದಿಗೆ ಒಂದು ಹುಕ್ ಹಾಕಿಸುವುದು ಯಾವಾಗಲೂ ಕ್ಷೇಮ.

ಅಂಚನ್ನು ಚಪ್ಪಲಿ ತೊಟ್ಟು ನಿಂತ ಮೇಲೆಯೇ ಗುರುತಿಸಬೇಕು. ಧೆಡಿಯರೆಲ್ಲರ ಅಂಚೂ ನೆಲದಿಂದ ಒಂದು ಇಂಚು ಮೇಲಿರಲಿ. ಎಲ್ಲರೂ ಸಾಲಾಗಿ ನಿಂತಾಗ ಅಂಚುಗಳು ಒಂದೇ ಗೆರೆಯಲ್ಲಿ ಕೂಡಬೇಕು, ಆಗಲೇ ಗುಂಪಿಗೆ ಒಂದು ಅಚ್ಚುಕಟ್ಟು ಬರುತ್ತದೆ. ಅಂಚು ಮಡಚಿದ ಮೇಲೆ ಯಾರೂ ಚಪ್ಪಲಿ ಬದಲಿಸಕೂಡದು.

## ಹಂತ 8: ಆಭರಣ, ಕೂದಲು, ಹೂ

ಆಭರಣದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮದುಮಗಳದ್ದು ಬಿಳಿ ಕಲ್ಲಿನದಾದರೆ ಧೆಡಿಯರದು ಮುತ್ತು ಅಥವಾ ಸಣ್ಣ ಬಿಳಿ ಕಲ್ಲು, ಅವಳದು ಚಿನ್ನವಾದರೆ ಇವರದು ತೆಳು ಚಿನ್ನ. ಕಿರೀಟ ಮದುಮಗಳೊಬ್ಬಳಿಗೇ.

ಬೊಕೆಯ ಹೂವಿನಲ್ಲಿ ಧೆಡಿಯರ ಬಟ್ಟೆಯ ಬಣ್ಣ ಒಂದಿಷ್ಟು ಇರಲಿ, ಆದರೆ ಧೆಡಿಯ ಕೈಯಲ್ಲಿರುವ ಬೊಕೆ ಅವಳ ಉಡುಪಿನದೇ ಬಣ್ಣದ್ದಾದರೆ ಫೋಟೋದಲ್ಲಿ ಹೂವೇ ಕಾಣುವುದಿಲ್ಲ. ಮಲ್ಲಿಗೆ ಮುಡಿಯುವವರು ಮುಡಿಯಲಿ; ಮಲ್ಲಿಗೆ ಬಾಡಿ ಕಂದಾಗುವುದರಿಂದ ಮಧ್ಯಾಹ್ನದ ಹೊತ್ತಿಗೆ ಬದಲಿಸಲು ಇನ್ನೊಂದು ಚೆಂಡು ತೆಗೆದಿಟ್ಟುಕೊಳ್ಳಬೇಕು.

## ಹಂತ 9: ರೋಸ್ ಸಂಜೆಯಿಂದ ಸಾಡೊವರೆಗೆ

ರೋಸ್ ಸಂಜೆ ಹಚ್ಚುವ ತೆಂಗಿನ ಹಾಲು ಮತ್ತು ಎಣ್ಣೆ ಮದುಮಗಳಿಗೆ ಮಾತ್ರ ಸೀಮಿತವಾಗಿರುವುದಿಲ್ಲ, ತಮಾಷೆಯ ಭರದಲ್ಲಿ ಧೆಡಿಯರ ತಲೆಗೂ ಸುರಿಯಲಾಗುತ್ತದೆ. ಆ ಜಿಡ್ಡು ಒಂದು ಸಲದ ಶಾಂಪೂವಿಗೆ ಹೋಗುವುದಿಲ್ಲ. ಮರುದಿನ ಕೂದಲು ನಿಲ್ಲದಿರುವುದು ಒಂದು ತೊಂದರೆ, ಕುತ್ತಿಗೆಯ ಹಿಂದಿನ ಜಿಡ್ಡು ಗೌನಿನ ಕಾಲರಿಗೆ ಇಳಿಯುವುದು ಇನ್ನೊಂದು. ರಾತ್ರಿಯೇ ಎರಡು ಸಲ ತೊಳೆದು, ಬೆಳಿಗ್ಗೆ ಕುತ್ತಿಗೆ ಮತ್ತು ಕಿವಿಯ ಹಿಂಭಾಗವನ್ನು ಟಿಶ್ಯೂವಿನಿಂದ ಒತ್ತಿ ನೋಡಬೇಕು. ಟಿಶ್ಯೂ ಪಾರದರ್ಶಕವಾದರೆ ಇನ್ನೂ ಜಿಡ್ಡಿದೆ.

ಬೆಳಿಗ್ಗೆ ತಿಂಡಿ, ಕೂದಲು, ಮುಖ, ಉಡುಪು, ಆಭರಣ ಎಂಬ ಕ್ರಮದಲ್ಲಿ ಸಿದ್ಧರಾಗಬೇಕು. ಧೆಡಿಯರು ಮದುಮಗಳಿಗಿಂತ ಮೊದಲು ಪೂರ್ತಿ ಸಿದ್ಧರಾಗಿರಬೇಕು, ಏಕೆಂದರೆ ಅವಳ ಗೌನಿನ ಜಿಪ್ ಎಳೆಯುವವರು ಅವರೇ. ಒಬ್ಬ ಧೆಡಿಯ ಚೀಲದಲ್ಲಿ ಸೇಫ್ಟಿ ಪಿನ್, ಬಿಳಿ ಮತ್ತು ಧೆಡಿ ಬಣ್ಣದ ದಾರ ಪೋಣಿಸಿದ ಎರಡು ಸೂಜಿ, ಬಿಳಿ ಸೀಮೆಸುಣ್ಣ, ಟಾಲ್ಕಂ ಪೌಡರ್, ಎರಡು ಬದಿ ಅಂಟುವ ಟೇಪು ಇರಲಿ. ಗೌನಿಗೆ ಎಣ್ಣೆ ಬಿದ್ದರೆ ಉಜ್ಜದೆ ಪೌಡರ್ ಸುರಿದು ಹತ್ತು ನಿಮಿಷ ಬಿಟ್ಟು ಕೊಡವಬೇಕು. ಸಣ್ಣ ಕಲೆಯ ಮೇಲೆ ಸೀಮೆಸುಣ್ಣ ಸವರಿದರೆ ಫೋಟೋದ ಮಟ್ಟಿಗೆ ಮರೆಯಾಗುತ್ತದೆ.

ಇನ್ನು ಮುರಕಲ್ಲಿನ ಕೆಂಪು ಮಣ್ಣು. ಕಾರಿನಿಂದ ಇಳಿದು ಚರ್ಚಿನ ಮೆಟ್ಟಿಲು ತಲುಪುವವರೆಗಿನ ಅಂಗಳ ನಮ್ಮಲ್ಲಿ ಹೆಚ್ಚಾಗಿ ಕೆಂಪು ನೆಲವೇ. ಇಬ್ಬರು ಧೆಡಿಯರು ಟ್ರೇಲನ್ನು ಎರಡೂ ಬದಿಯಿಂದ ಮಡಚಿ, ಮಣ್ಣು ತಾಗುವ ಅಂಚು ಒಳಗೆ ಬರುವಂತೆ ಎತ್ತಿ ನಡೆಯಬೇಕು, ಬಾಗಿಲ ಒಳಗೆ ಕಾಲಿಟ್ಟ ಮೇಲೆಯೇ ಬಿಡಿಸಬೇಕು. ಮಣ್ಣು ತಾಗಿಯೇ ಬಿಟ್ಟರೆ ಒದ್ದೆ ಬಟ್ಟೆಯಿಂದ ಒರೆಸುವುದು ಅತ್ಯಂತ ಕೆಟ್ಟ ಉಪಾಯ; ಕೆಂಪು ಬಣ್ಣ ನೂಲಿನೊಳಗೆ ಇಳಿಯುತ್ತದೆ. ಒಣಗಲು ಬಿಟ್ಟು ಮೆತ್ತನೆಯ ಬ್ರಷ್ಷಿನಿಂದ ಕೊಡವಿದರೆ ಹೆಚ್ಚಿನ ಭಾಗ ಉದುರುತ್ತದೆ.

ಸಭಾಂಗಣದಲ್ಲಿ ಸಾಡೊ ಬದಲಿಸುವ ಹೊತ್ತಿಗೆ ಧೆಡಿಯರಲ್ಲಿ ಒಬ್ಬಳು ಮಾತ್ರ ಮದುಮಗಳ ಜೊತೆ ಕೋಣೆಗೆ ಹೋದರೆ ಸಾಕು, ಉಳಿದವರು ವೇದಿಕೆಯ ಬಳಿ ಇರಲಿ. ಕಳಚಿದ ಗೌನನ್ನು ಕುರ್ಚಿಯ ಮೇಲೆ ಎಸೆಯದೆ, ಒಳಭಾಗ ಹೊರಗೆ ಮಾಡಿ, ಮೊದಲೇ ತಂದಿಟ್ಟ ಬಿಳಿ ಬೆಡ್‌ಶೀಟಿನಲ್ಲಿ ಸುತ್ತಿ, ಬೆವರು ಆರದೆ ಪ್ಲಾಸ್ಟಿಕ್ ಕವರಿಗೆ ಹಾಕದೆ, ಮನೆಗೆ ಹೋಗುವ ಕಾರಿನಲ್ಲಿ ಯಾರ ವಶಕ್ಕೆ ಎಂಬುದನ್ನು ಹೆಸರು ಹೇಳಿ ಒಪ್ಪಿಸಬೇಕು. ಬಾಡಿಗೆ ಗೌನಾಗಿದ್ದರೆ ಅದೇ ಕೋಣೆಯಲ್ಲಿ, ದೀಪದ ಕೆಳಗೆ, ಟ್ರೇಲು ಮತ್ತು ಅಂಚಿನ ಫೋಟೋ ತೆಗೆದಿಡಬೇಕು. ಹಿಂದಿರುಗಿಸುವಾಗ ಹರಿದದ್ದು ಯಾವಾಗ ಎಂಬ ಚರ್ಚೆ ಎದ್ದರೆ ಅದು ಬೇಕಾಗುತ್ತದೆ.